ಶಾಟ್‌ಗನ್ ಮೇಲೆ ಕೆಂಪು ಚುಕ್ಕಿ: ಹಾರೋ ಹಕ್ಕಿಗೆ ಅದು ಕೆಲಸಕ್ಕೆ ಬರತ್ತಾ?

ಸ್ಕೀಟ್ ಬಗ್ಗೆ ಮಾಡಿದ್ದ ವಿಡಿಯೋ ನೋಡಿ ಚೆನ್ನೈನಿಂದ ಒಬ್ಬರು ಕೇಳಿದ್ರು: "ಸರ್, ರೈಫಲ್ ಮೇಲೆ ಇರತ್ತಲ್ಲ ಆ ರೆಡ್ ಡಾಟ್, ಅದನ್ನೇ ಶಾಟ್‌ಗನ್ ಮೇಲೆ ಕೂರಿಸಿದ್ರೆ ಆಯ್ತಲ್ವಾ? ಚುಕ್ಕಿ ಹಕ್ಕಿ ಮೇಲೆ ಇಡೋದು, ಟ್ರಿಗರ್ ಒತ್ತೋದು. ಇದನ್ನ ಯಾಕೆ ಎಲ್ಲರೂ ಮಾಡಲ್ಲ?" ಇದೇ ಪ್ರಶ್ನೆ ನನಗೂ ಬಂದಿತ್ತು. ದುಡ್ಡು ಖರ್ಚು ಮಾಡಿ ಉತ್ತರ ಕಲಿತೆ. ಮಾತಾಡುವಾಗ ಕೈ ಆಡಿಸಿ ತೋರಿಸಿದ್ದನ್ನ ಇಲ್ಲಿ ಲೆಕ್ಕ ಹಾಕಿ ಬರೆದಿದ್ದೀನಿ.

ಮೊದಲೇ ಒಂದು ಮಾತು. ನಮ್ಮ ದೇಶದಲ್ಲಿ ಹಕ್ಕಿ ಹೊಡೆಯೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹೊಡೆಯೋ ಪ್ರಯತ್ನ ಮಾಡಿದ್ರೂ ಕಾಯ್ದೆ ಅದನ್ನ ಬೇಟೆ ಅಂತಲೇ ಕರೆಯತ್ತೆ. ಹಾಗಾಗಿ ಇಲ್ಲಿರೋ ಹಕ್ಕಿಗಳೆಲ್ಲ ಅಮೆರಿಕದ ಟೆಕ್ಸಸ್‌ನವು. ಅಲ್ಲಿ ಕೆಲಸದ ಮೇಲೆ ಒಂದೂವರೆ ವರ್ಷ ಇದ್ದೆ, ವಾರಾಂತ್ಯದಲ್ಲಿ ಒಬ್ಬ ಸಹೋದ್ಯೋಗಿ ಜೊತೆ ಕ್ಲೇ ಹೊಡೆಯೋಕೆ ಹೋಗ್ತಿದ್ದೆ. ಕ್ಲೇ ಅಂದ್ರೆ ಯಂತ್ರ ಎಸೆಯೋ ಬಿಲ್ಲೆ, ಅಡ್ಡಳತೆ 11 ಸೆಂ.ಮೀ. ತಮಾಷೆ ಏನಂದ್ರೆ, ವರ್ಕ್ ವೀಸಾದಲ್ಲಿ ಇರೋರು ಅಲ್ಲಿ ಬಂದೂಕು ಕೈಗೆ ತಗೊಳ್ಳೋಕೆ ಸಾಮಾನ್ಯವಾಗಿ ಒಂದು ಹಂಟಿಂಗ್ ಲೈಸೆನ್ಸ್ ಇಟ್ಕೊಂಡಿರಬೇಕು. ಬಿಲ್ಲೆ ಒಡೆಯೋಕೆ ನಾನು ಬೇಟೆಯ ಲೈಸೆನ್ಸ್ ತಗೊಂಡೆ.

ಮೂರು ತಿಂಗಳಾದ್ರೂ 25ಕ್ಕೆ 9, 10 ದಾಟ್ತಿರಲಿಲ್ಲ. ಕಾರಣ ಕೊನೆಗೆ ಸಿಕ್ಕಿತು. ನಾನು ಬಲಗೈಯವನು, ಆದರೆ ನನ್ನ ಎಡಗಣ್ಣು ಪ್ರಬಲ. ನೀವೂ ಮನೇಲಿ ನೋಡ್ಕೋಬಹುದು. ಎರಡೂ ಅಂಗೈ ಸೇರಿಸಿ ಮಧ್ಯೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ಅದರೊಳಗಿಂದ ಗೋಡೆ ಗಡಿಯಾರ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ಗಡಿಯಾರ ಮಾಯ ಆಗತ್ತೋ ಆ ಕಣ್ಣೇ ಯಜಮಾನ.

ಇದು ಯಾಕೆ ಮುಖ್ಯ ಅಂದ್ರೆ, ಶಾಟ್‌ಗನ್‌ಗೆ ಹಿಂದಿನ ಗುರಿಕಟ್ಟು ಇರಲ್ಲ. ನಳಿಗೆಯ ತುದಿಯಲ್ಲಿ ಒಂದು ಸಣ್ಣ ಮಣಿ, ಅಷ್ಟೇ. ಹಿಂದಿನ ಗುರಿಕಟ್ಟು ನಿಮ್ಮ ಕಣ್ಣು. ಕೆನ್ನೆ ಪ್ರತಿ ಸಲ ಸ್ಟಾಕಿನ ಮೇಲೆ ಒಂದೇ ಜಾಗದಲ್ಲಿ ಕೂತರೆ ಮಾತ್ರ ಕಣ್ಣು ನಳಿಗೆಯ ನೇರಕ್ಕೆ ಬರತ್ತೆ. ಕಣ್ಣಿಂದ ಮಣಿಗೆ ಸುಮಾರು 90 ಸೆಂ.ಮೀ. ದೂರ ಅಂತ ಇಟ್ಕೊಳ್ಳಿ. ಕಣ್ಣು ಬರೀ 5 ಮಿ.ಮೀ. ಪಕ್ಕಕ್ಕೆ ಸರಿದ್ರೆ 30 ಮೀಟರ್ ದೂರದಲ್ಲಿ ಏಟು 16 ಸೆಂ.ಮೀ. ಆಚೆ ಹೋಗತ್ತೆ. ಎಡಗಣ್ಣು ಯಜಮಾನಿಕೆ ತಗೊಂಡ್ರೆ 5 ಮಿ.ಮೀ. ಅಲ್ಲ, ಎರಡು ಕಣ್ಣಿನ ನಡುವಿನ ಅಂತರವೇ ಲೆಕ್ಕಕ್ಕೆ ಬರತ್ತೆ, ಅದು ಆರು ಸೆಂ.ಮೀ. ಮೇಲೆ! ಏಟು ಎರಡು ಮೀಟರ್ ಪಕ್ಕದಲ್ಲಿ.

ಕೋಚ್ ಹೇಳಿದ ಮದ್ದು ಅಗ್ಗದ್ದು: ಕನ್ನಡಕದ ಎಡಗಾಜಿಗೆ ಉಗುರಿನಷ್ಟು ಅಗಲದ ಟೇಪ್. ನಾನು ಎಂಜಿನಿಯರ್ ಅಲ್ವಾ, ಟೇಪ್ ಸಾಕಾಗಲಿಲ್ಲ. ರೆಡ್ ಡಾಟ್ ಹಾಕಿಸಿದೆ.

ಆ ಪೆಟ್ಟಿಗೆಯೊಳಗೆ ನಡೆಯೋದು ಸರಳ. ಒಂದು ಪುಟ್ಟ ಎಲ್‌ಇಡಿ ದೀಪ ಮುಂದಿನ ಬಾಗಿದ ಗಾಜಿಗೆ ಬೆಳಕು ಚೆಲ್ಲತ್ತೆ. ಆ ಗಾಜಿನ ಲೇಪ ಕೆಂಪನ್ನ ಮಾತ್ರ ವಾಪಸ್ ಕಳಿಸತ್ತೆ, ಉಳಿದ ಬಣ್ಣಗಳನ್ನ ಒಳಗೆ ಬಿಡತ್ತೆ. ವಾಪಸ್ ಬರೋ ಕಿರಣಗಳು ಸಮಾನಾಂತರ ಆಗಿರೋದ್ರಿಂದ ಚುಕ್ಕಿ ಗಾಜಿನ ಮೇಲೆ ಇದ್ದಂಗೆ ಕಾಣಲ್ಲ, ದೂರದಲ್ಲಿ ಗುರಿಯ ಜೊತೆಗೇ ತೇಲ್ತಿರೋ ಹಂಗೆ ಕಾಣತ್ತೆ. ಕಣ್ಣು ಸ್ವಲ್ಪ ಆಚೀಚೆ ಆದ್ರೂ ಚುಕ್ಕಿ ಗುರಿ ಬಿಟ್ಟು ಕದಲಲ್ಲ. ಅಂದ್ರೆ ಮೇಲೆ ಹೇಳಿದ 5 ಮಿ.ಮೀ. ಸಮಸ್ಯೆ ಬಹುಪಾಲು ಮಾಯ. ನನ್ನ ಕಣ್ಣಿನ ಸಮಸ್ಯೆನೂ ಹಗುರ, ಯಾಕಂದ್ರೆ ಚುಕ್ಕಿ ಅದರ ಹಿಂದಿರೋ ಬಲಗಣ್ಣಿಗೆ ಮಾತ್ರ ಕಾಣತ್ತೆ, ಎಡಗಣ್ಣಿಗೆ ಕಾಣೋದೇ ಇಲ್ಲ. ಟೇಪ್ ಕಿತ್ತು ಹಾಕಿದೆ.

ಮೊದಲ ದಿನ ನೇರ ದೂರ ಹೋಗೋ ಬಿಲ್ಲೆಗಳು ಪಟಪಟ ಒಡೆದವು. ಖುಷಿಯೋ ಖುಷಿ. ಅಡ್ಡ ಹಾಯೋ ಬಿಲ್ಲೆಗೆ ಬಂದಾಗ ಎಂಟಕ್ಕೆ ಸೊನ್ನೆ.

ಇಲ್ಲಿದೆ ವಿಷಯ. ಟೆಕ್ಸಸ್‌ನಲ್ಲಿ ಸೆಪ್ಟೆಂಬರ್‌ನಲ್ಲಿ ಮೋರ್ನಿಂಗ್ ಡವ್ ಅನ್ನೋ ಕಾಡು ಪಾರಿವಾಳದ ಸೀಸನ್ ಶುರುವಾಗತ್ತೆ. ಅದು ಗಂಟೆಗೆ 65 ಕಿ.ಮೀ. ವೇಗದಲ್ಲಿ ನಿಮ್ಮ ಮುಂದೆ ಅಡ್ಡ ಹಾರ್ತಿದೆ ಅಂದ್ಕೊಳ್ಳಿ, ಸೆಕೆಂಡಿಗೆ 18 ಮೀಟರ್ ಆಯ್ತು. ದೂರ 30 ಮೀಟರ್. ಚರೆಗಳು ನಳಿಗೆ ಬಿಡೋವಾಗ ಸೆಕೆಂಡಿಗೆ ಸುಮಾರು 365 ಮೀಟರ್ ವೇಗ, ಆದರೆ ಗಾಳಿ ಅವನ್ನ ಬೇಗ ನಿಧಾನ ಮಾಡತ್ತೆ. ಸರಾಸರಿ 300 ಅಂತ ಇಟ್ಟರೆ ತಲುಪೋಕೆ 0.1 ಸೆಕೆಂಡ್. ಅಷ್ಟರಲ್ಲಿ ಹಕ್ಕಿ 1.8 ಮೀಟರ್ ಮುಂದೆ ಹೋಗಿರತ್ತೆ. ಬಾಲ ಸೇರಿ ಅದರ ಉದ್ದ ಸುಮಾರು 30 ಸೆಂ.ಮೀ., ಅಂದ್ರೆ ಆರು ಹಕ್ಕಿಯಷ್ಟು ಮುಂದೆ. ಚರೆಗಳು ಹರಡೋ ವೃತ್ತದ ಒಳ್ಳೆ ಭಾಗ ಸುಮಾರು 75 ಸೆಂ.ಮೀ. ಅಗಲ. ಚುಕ್ಕಿ ಸರಿಯಾಗಿ ಹಕ್ಕಿ ಮೇಲೆ ಇದ್ದಾಗ, ಬಂದೂಕು ನಿಲ್ಲಿಸಿ ಟ್ರಿಗರ್ ಒತ್ತಿದ್ರೆ ಆ ಇಡೀ ವೃತ್ತ ಹಕ್ಕಿಯ ಹಿಂದೆ, ಖಾಲಿ ಆಕಾಶದಲ್ಲಿ.

ಅಂದ್ರೆ ಚುಕ್ಕಿ ಇರಬೇಕಾದ ಜಾಗದಲ್ಲಿ ಹಕ್ಕಿ ಇರಲ್ಲ. ಕಣ್ಣು ಹಕ್ಕಿ ಮೇಲೆ, ಚುಕ್ಕಿ ಅದರ ಮುಂದಿನ ಶೂನ್ಯದಲ್ಲಿ. ಆದರೆ ಮಿನುಗೋ ವಸ್ತು ಕಣ್ಣನ್ನ ಎಳೆಯತ್ತೆ. ಚುಕ್ಕಿ ಎಲ್ಲಿದೆ ಅಂತ ಒಂದು ಕ್ಷಣ ನೋಡಿದ್ರೆ ಸಾಕು, ಕೈ ನಿಧಾನ ಆಗತ್ತೆ. ಕೈ ನಿಧಾನ ಆಯ್ತು ಅಂದ್ರೆ ಏಟು ಹಿಂದೆ. ಮಣಿ ಆದ್ರೆ ಮಸುಕಾಗಿ ಎಲ್ಲೋ ಅಂಚಿನಲ್ಲಿ ಇರತ್ತೆ, ಯಾರನ್ನೂ ಕರೆಯಲ್ಲ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ನೋಡಿರ್ತೀರಿ. ಅಲ್ಲಿ ಗುರಿ ಕಾಯತ್ತೆ, ನೀವು ಉಸಿರು ಹಿಡಿದು ನಿಧಾನವಾಗಿ ಗುರಿ ಕೂಡಿಸಬಹುದು. ಹಾರೋ ಗುರಿಗೆ ಆ ಅಭ್ಯಾಸ ಇಟ್ಕೊಂಡು ಹೋದ್ರೆ ಕೆಟ್ಟಿತು.

ಚುಕ್ಕಿಗೇ ಈ ಲೆಕ್ಕ ಮಾಡಿಸಬಾರದಾ? ಮಾಡಿಸಿದ್ದಾರೆ, 80 ವರ್ಷದ ಹಿಂದೆಯೇ. ಈ ಬೆಳಕಿನ ಗುರಿಕಟ್ಟನ್ನ 1900ರಲ್ಲಿ ಡಬ್ಲಿನ್‌ನ ಹೊವಾರ್ಡ್ ಗ್ರಬ್ ಕಂಡುಹಿಡಿದ. ಮುಂದೆ ಅದು ಯುದ್ಧ ವಿಮಾನಗಳಿಗೆ ಏರಿತು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಅದಕ್ಕೆ ಗೈರೋಸ್ಕೋಪ್ ಸೇರಿಸಿದ್ರು. ಪೈಲಟ್ ಶತ್ರು ವಿಮಾನದ ರೆಕ್ಕೆಯ ಅಗಲ ಸೆಟ್ ಮಾಡಿ, ಬೆಳಕಿನ ವೃತ್ತವನ್ನ ಆ ರೆಕ್ಕೆಗೆ ಹೊಂದಿಸಿದ್ರೆ ದೂರ ಗೊತ್ತಾಗ್ತಿತ್ತು. ತನ್ನ ವಿಮಾನ ಎಷ್ಟು ವೇಗದಲ್ಲಿ ತಿರುಗ್ತಿದೆ ಅನ್ನೋದು ಗೈರೋಗೆ ಗೊತ್ತು. ಎರಡೂ ಸೇರಿಸಿ ಯಂತ್ರವೇ ಚುಕ್ಕಿಯನ್ನ ಸರಿಸ್ತಿತ್ತು. ಆಗ ಪೈಲಟ್ ಚುಕ್ಕಿಯನ್ನ ನೇರ ಶತ್ರು ಮೇಲೆ ಇಟ್ಟು ಹೊಡೀಬಹುದಿತ್ತು! ಅಮೆರಿಕನ್ನರ ಮಸ್ಟಾಂಗ್ ವಿಮಾನಕ್ಕೆ ಬಂದ ಕೆ-14 ಇದರದ್ದೇ ರೂಪ. 1975ರಲ್ಲಿ ಸ್ವೀಡನ್‌ನ ಏಮ್‌ಪಾಯಿಂಟ್ ಎಲೆಕ್ಟ್ರಾನಿಕ್ ರೆಡ್ ಡಾಟ್ ತಂದಾಗ ಕೈಬಂದೂಕಿಗೆ ಬಂದದ್ದು ಚುಕ್ಕಿ ಮಾತ್ರ, ಲೆಕ್ಕ ಬರಲಿಲ್ಲ. ನಿಮ್ಮ ಡಾಟ್‌ಗೆ ದೂರ ಗೊತ್ತಿಲ್ಲ, ವೇಗ ಗೊತ್ತಿಲ್ಲ, ಹಕ್ಕಿ ಇದೆಯೋ ಇಲ್ವೋ ಅನ್ನೋದೂ ಗೊತ್ತಿಲ್ಲ.

ಬರೀ ಅಂಕ ಹೋಗೋ ಮಾತಾಗಿದ್ರೆ ಇಷ್ಟು ಉದ್ದ ಬರೀತಿರಲಿಲ್ಲ. ಸೆಪ್ಟೆಂಬರ್‌ನ ಒಂದು ಸಂಜೆ ಅದೇ ಸಹೋದ್ಯೋಗಿ ಜೊತೆ ಸೂರ್ಯಕಾಂತಿ ಹೊಲಕ್ಕೆ ಹೋಗಿದ್ದೆ, ಬಂದೂಕು ಇಲ್ಲದೆ. ನನ್ನ ಮಾತು ಕೇಳಿ ಅವನೂ ಹೊಸದಾಗಿ ಡಾಟ್ ಹಾಕಿದ್ದ. ಮೂರನೇ ಹಕ್ಕಿ ಎಡದಿಂದ ಬಲಕ್ಕೆ ಬಂತು, ಅವನು ಹೊಡೆದ. ಗರಿ ಹಾರಿದವು, ಹಕ್ಕಿ ಬೀಳಲಿಲ್ಲ. ಒಂದು ಕಾಲು ಜೋತುಬಿಟ್ಟುಕೊಂಡು ಹಾರ್ತಾ ಮುಳ್ಳು ಪೊದೆಗಳ ಆಚೆ ಇಳೀತು. ಕತ್ತಲಾಗೋವರೆಗೂ ಇಬ್ಬರೂ ಹುಡುಕಿದ್ವಿ, ಸಿಗಲಿಲ್ಲ. ಚರೆಯ ವೃತ್ತ ಪೂರ್ತಿ ಹಿಂದೆ ಹೋದ್ರೆ ಹಕ್ಕಿ ಉಳೀತು. ಅರ್ಧ ಹಿಂದೆ ಹೋದ್ರೆ ಅಂಚಿನ ಒಂದೆರಡು ಚರೆ ಕಾಲಿಗೆ, ಹೊಟ್ಟೆಗೆ ತಗಲತ್ತೆ. ತಲೆ, ಎದೆಗೆ ಬಿದ್ದರೆ ಅದು ಅಲ್ಲೇ ಸಾಯತ್ತೆ, ಹಿಂದಿನಿಂದ ತಗಲಿದ್ರೆ ಹೀಗೆ. "ಚುಕ್ಕಿ ಅದರ ಮೇಲೇ ಇತ್ತು," ಅಂತ ದಾರಿಯುದ್ದಕ್ಕೂ ಹೇಳ್ತಾ ಇದ್ದ. ಮೇಲೆ ಇತ್ತು, ಅದೇ ತೊಂದರೆ ಅಂತ ನಾನು ಆಗ ಹೇಳಲಿಲ್ಲ. ಡಾಟ್ ಹಾಕಿಸ್ಕೋ ಅಂದವನು ನಾನೇ ತಾನೆ.

ಹಾಗಂತ ಡಾಟ್ ದಂಡ ಅಲ್ಲ. ಅಲ್ಲಿ ಟರ್ಕಿ ಕೋಳಿ ಬೇಟೆಯವರು ಅದನ್ನ ತುಂಬಾ ಬಳಸ್ತಾರೆ, ಯಾಕಂದ್ರೆ ಟರ್ಕಿಯನ್ನ ಸಾಮಾನ್ಯವಾಗಿ ನೆಲದ ಮೇಲೆ ನಿಂತಿರುವಾಗ ಹೊಡೀತಾರೆ. ನನಗೆ ಅದು ಹೆಚ್ಚು ಉಪಯೋಗಕ್ಕೆ ಬಂದದ್ದು ಮನೆಯಲ್ಲಿ. ಖಾಲಿ ಬಂದೂಕು, ಎರಡು ಸಲ ಪರೀಕ್ಷಿಸಿದ್ದು. ಕಣ್ಣು ಮುಚ್ಚಿ ಹೆಗಲಿಗೆ ಏರಿಸಿ, ಆಮೇಲೆ ಕಣ್ಣು ಬಿಟ್ಟು ನೋಡೋದು. ಕೆನ್ನೆ ಸರಿಯಾಗಿ ಕೂತಿದ್ರೆ ಚುಕ್ಕಿ ಕಿಟಕಿಯ ಮಧ್ಯದಲ್ಲಿ. ಇಲ್ಲದಿದ್ರೆ ಚುಕ್ಕಿಯೇ ಇಲ್ಲ. ಮಣಿ ಇಷ್ಟು ನಿಷ್ಠುರವಾಗಿ ತಪ್ಪು ತೋರಿಸಲ್ಲ, ಕೆಟ್ಟದಾಗಿ ಏರಿಸಿದ್ರೂ ಏನೋ ಒಂದು ಕಾಣಿಸ್ತಿರತ್ತೆ. ಅದೇ ಮೈದಾನದಲ್ಲಿ ಕಳೆದುಹೋದ ಚುಕ್ಕಿ ಹುಡುಕೋದ್ರೊಳಗೆ ಬಿಲ್ಲೆ ನೆಲ ಮುಟ್ಟಿರತ್ತೆ.

ಬಳಸಲೇಬೇಕು ಅನ್ನೋರಿಗೆ ಒಂದೆರಡು ಮಾತು. ಡಾಟ್ ಆದಷ್ಟು ಕೆಳಗೆ ಕೂರಲಿ, ಎತ್ತರ ಆದ್ರೆ ಕೆನ್ನೆ ಸ್ಟಾಕ್ ಬಿಟ್ಟು ಮೇಲೆದ್ದು ಮೊದಲಿನ ರೋಗವೇ ವಾಪಸ್. ಬೆಳಕು ಎಷ್ಟು ಕಮ್ಮಿ ಅಂದ್ರೆ, ಹುಡುಕಿದ್ರೆ ಮಾತ್ರ ಕಾಣಬೇಕು. ತೀರಾ ಸಣ್ಣ ಚುಕ್ಕಿಗೆ ದುಡ್ಡು ಸುರೀಬೇಡಿ, 75 ಸೆಂ.ಮೀ. ಹರಡೋ ಚರೆಗೆ ಸೂಜಿಮೊನೆ ಯಾಕೆ? ಇಷ್ಟೆಲ್ಲ ಆದ್ಮೇಲೆ ಅಡ್ಡ ಹಾಯೋ ಬಿಲ್ಲೆಗೆ ಚುಕ್ಕಿಯನ್ನ ಮರೆಯೋಕೆ ನನಗೆ ಐದು ವಾರ ಹಿಡೀತು, 25ಕ್ಕೆ 16ರವರೆಗೆ ಬಂದೆ. ಕೊನೆಗೆ ಅದನ್ನ ಬಿಚ್ಚಿ ಟೇಪ್ ಹಾಕಿಕೊಂಡು ಹೊಡೆದಾಗಲೂ 16 ಬಂತು.

ದೆಹಲಿಯಲ್ಲಿ ತುಘಲಕಾಬಾದ್‌ನ ಕರ್ಣಿ ಸಿಂಗ್ ರೇಂಜ್‌ಗೆ ಹೋಗಿ ಟ್ರ್ಯಾಪ್, ಸ್ಕೀಟ್ ಕಲಿಯೋ ಯೋಚನೆ ಇರೋರು ಗಮನಿಸಿ: ಅಂತರರಾಷ್ಟ್ರೀಯ ಶೂಟಿಂಗ್ ಫೆಡರೇಶನ್ ನಿಯಮದಲ್ಲಿ ಶಾಟ್‌ಗನ್ ಮೇಲೆ ಬೆಳಕು ಬಿಡೋ, ದೊಡ್ಡದು ಮಾಡಿ ತೋರಿಸೋ, ಮುಂಗುರಿ ಲೆಕ್ಕಕ್ಕೆ ನೆರವಾಗೋ ಯಾವ ಸಾಧನಕ್ಕೂ ಅವಕಾಶ ಇಲ್ಲ. ಸ್ಪರ್ಧೆಗೆ ಇಳಿಯೋರು ಡಾಟ್ ಅಭ್ಯಾಸ ಮಾಡ್ಕೊಂಡ್ರೆ ಆಮೇಲೆ ಬಿಡಿಸೋದು ಕಷ್ಟ. ಟೇಪ್‌ಗೆ ಮುಂಚೆ ಕೋಚ್ ಹತ್ರ ಕೇಳಿ, ಕೆಲವರು ಎಡಗೈ ಕಡೆಗೇ ಬದಲಾಯಿಸಿಬಿಡ್ತಾರೆ. ಚೆನ್ನೈನವರು ಚೋಕ್ ಬಗ್ಗೆಯೂ ಕೇಳಿದ್ರು, ಅದು ಮುಂದಿನ ಮಾತಿನಲ್ಲಿ.