ಮೂತ್ರಪಿಂಡದ ಕಲ್ಲುಗಳು: ನಿರ್ವಹಣೆ ಮತ್ತು ಚಿಕಿತ್ಸೆ

ಮೂತ್ರದಲ್ಲಿ ಕರಗಿರುವ ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲ ಮುಂತಾದ ಅಂಶಗಳು ನೀರಿನ ಪ್ರಮಾಣ ಕಡಿಮೆಯಾದಾಗ ಹರಳುಗಟ್ಟಿ ಕಲ್ಲುಗಳಾಗುತ್ತವೆ. ಇವುಗಳಲ್ಲಿ ಸುಮಾರು ಶೇಕಡ 80ರಷ್ಟು ಕ್ಯಾಲ್ಸಿಯಂಯುಕ್ತ ಕಲ್ಲುಗಳು. ರಾಯಚೂರು, ಕಲಬುರಗಿಯಂತಹ ಬಿಸಿಲಿನ ಜಿಲ್ಲೆಗಳಲ್ಲಿ ಹೊಲಗದ್ದೆ ಹಾಗೂ ಕಟ್ಟಡ ಕಾಮಗಾರಿಗಳಲ್ಲಿ ದುಡಿಯುವವರು ಬೆವರಿನಿಂದ ನಷ್ಟವಾದಷ್ಟು ನೀರನ್ನು ಕುಡಿಯದಿದ್ದಲ್ಲಿ ಈ ಸಂಭವ ಹೆಚ್ಚು.

ಲಕ್ಷಣಗಳು

ಕಲ್ಲು ಮೂತ್ರಪಿಂಡದಲ್ಲಿಯೇ ಇರುವಾಗ ಅನೇಕ ವೇಳೆ ನೋವು ಇರುವುದಿಲ್ಲ. ಅದು ಮೂತ್ರನಾಳಕ್ಕೆ ಇಳಿದಾಗ ಪಕ್ಕೆಯಿಂದ ತೊಡೆಸಂದಿನವರೆಗೆ ಅಲೆಅಲೆಯಾಗಿ ತೀವ್ರ ನೋವು, ವಾಂತಿ ಹಾಗೂ ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳಬಹುದು.

ನೋವು ನಿಂತರೆ ಕಲ್ಲು ಹೋಯಿತೆಂದು ಭಾವಿಸಬಾರದು

ಕಲ್ಲು ಮೂತ್ರನಾಳದಲ್ಲಿ ಸಿಲುಕಿಕೊಂಡೇ ಇದ್ದರೂ ನೋವು ಶಮನವಾಗಬಹುದು. ತಡೆಯು ಹಲವು ವಾರಗಳವರೆಗೆ ಮುಂದುವರಿದಲ್ಲಿ ಮೂತ್ರಪಿಂಡವು ಸದ್ದಿಲ್ಲದೆ ತನ್ನ ಕಾರ್ಯಶಕ್ತಿಯನ್ನು ಶಾಶ್ವತವಾಗಿ ಕಳೆದುಕೊಳ್ಳಬಹುದು. ಆದುದರಿಂದ ಕಲ್ಲು ಹೊರಬಿದ್ದಿರುವುದನ್ನು ಸ್ಕ್ಯಾನಿಂಗ್ ಮೂಲಕ ಖಚಿತಪಡಿಸಿಕೊಳ್ಳುವುದು ಅತ್ಯವಶ್ಯಕ. ಬಾಳೆದಿಂಡಿನ ರಸ, ಹುರುಳಿಕಟ್ಟಿನ ಸಾರು ಆಹಾರವಾಗಿ ಸೇವಿಸಬಹುದಾದರೂ ಅವು ತಪಾಸಣೆಗೆ ಬದಲಿಯಲ್ಲ.

ಚಿಕಿತ್ಸಾ ವಿಧಾನಗಳು

1. 5 ಮಿಲಿಮೀಟರ್‌ಗಿಂತ ಚಿಕ್ಕ ಕಲ್ಲುಗಳಲ್ಲಿ ಹೆಚ್ಚಿನವು ಕೆಲವು ವಾರಗಳಲ್ಲಿ ತಾವಾಗಿಯೇ ಹೊರಬೀಳುತ್ತವೆ. ವೈದ್ಯರು ನೋವುನಿವಾರಕಗಳನ್ನು, ಅಗತ್ಯವಿದ್ದಲ್ಲಿ ಮೂತ್ರನಾಳವನ್ನು ಸಡಿಲಿಸುವ ಔಷಧಿಯನ್ನು ನೀಡುತ್ತಾರೆ.
2. ದೇಹದ ಹೊರಗಿನಿಂದ ಆಘಾತ ತರಂಗಗಳನ್ನು ಹಾಯಿಸಿ ಕಲ್ಲನ್ನು ಪುಡಿಮಾಡುವ ಲಿಥೊಟ್ರಿಪ್ಸಿ. ಇದನ್ನು ಗರ್ಭಿಣಿಯರಿಗೆ ಮಾಡುವಂತಿಲ್ಲ.
3. ಮೂತ್ರಮಾರ್ಗದ ಮೂಲಕ ಸಣ್ಣ ದರ್ಶಕನಳಿಕೆಯನ್ನು ತೂರಿಸಿ ಲೇಸರ್‌ನಿಂದ ಕಲ್ಲನ್ನು ಒಡೆಯುವುದು.
4. 20 ಮಿಲಿಮೀಟರ್‌ಗಿಂತ ದೊಡ್ಡ ಕಲ್ಲುಗಳನ್ನು ಸಾಮಾನ್ಯವಾಗಿ ಬೆನ್ನಿನಲ್ಲಿ ಚಿಕ್ಕ ರಂಧ್ರ ಮಾಡಿ ತೆಗೆಯಲಾಗುತ್ತದೆ.

ತುರ್ತು ಸಂದರ್ಭಗಳು

ನೋವಿನೊಂದಿಗೆ ಚಳಿಜ್ವರ ಬಂದಲ್ಲಿ, ಮೂತ್ರ ಕಟ್ಟಿಕೊಂಡಲ್ಲಿ, ವಾಂತಿಯಿಂದ ನೀರೂ ನಿಲ್ಲದಿದ್ದಲ್ಲಿ ಅಥವಾ ಒಂದೇ ಮೂತ್ರಪಿಂಡ ಇರುವವರಿಗೆ ನೋವು ಬಂದಲ್ಲಿ ಕೂಡಲೇ ಆಸ್ಪತ್ರೆಗೆ ತೆರಳಬೇಕು. ತಡೆಗೊಂಡ ಮೂತ್ರದಲ್ಲಿ ಸೋಂಕು ತಗಲಿದರೆ ಪ್ರಾಣಾಪಾಯ ಉಂಟಾಗಬಹುದು. 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸ್ ಸೇವೆ ಪಡೆಯಬಹುದು.

ಮರುಕಳಿಸದಂತೆ ಮುನ್ನೆಚ್ಚರಿಕೆ

* ದಿನಕ್ಕೆ ಕನಿಷ್ಠ 2.5 ಲೀಟರ್ ಮೂತ್ರ ವಿಸರ್ಜನೆಯಾಗುವಷ್ಟು ನೀರು ಕುಡಿಯಬೇಕು. ಮೂತ್ರವು ತಿಳಿ ಬಣ್ಣದಲ್ಲಿರುವುದು ಇದರ ಗುರುತು. ಹೃದ್ರೋಗಿಗಳು ಹಾಗೂ ಮೂತ್ರಪಿಂಡ ವೈಫಲ್ಯವುಳ್ಳವರು ವೈದ್ಯರು ಸೂಚಿಸಿದ ಪ್ರಮಾಣವನ್ನು ಮೀರಬಾರದು.
* ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಡಿಮೆಯಿರಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಮಿತಗೊಳಿಸಬೇಕು. ಮಾಂಸಾಹಾರವೂ ಮಿತವಾಗಿರಲಿ.
* ಹಾಲು, ಮೊಸರನ್ನು ಬಿಡಬಾರದು. ಆಹಾರದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟ್‌ನೊಂದಿಗೆ ಬೆರೆತು ಅದನ್ನು ಮಲದ ಮೂಲಕ ಹೊರಹಾಕುತ್ತದೆ.
* ಆಕ್ಸಲೇಟ್ ಕಲ್ಲು ಇದ್ದವರು ಪಾಲಕ್ ಸೊಪ್ಪು, ಬೀಟ್‌ರೂಟ್‌ಗಳನ್ನು ಕಡಿಮೆ ಮಾಡಬೇಕು. ಸಕ್ಕರೆ, ಉಪ್ಪು ಹಾಕದ ನಿಂಬೆಹಣ್ಣಿನ ಪಾನಕ ಹಿತಕರ.

ಹೊರಬಿದ್ದ ಕಲ್ಲನ್ನು ಎಸೆಯದೆ ವೈದ್ಯರಿಗೆ ನೀಡಿದಲ್ಲಿ ಅದರ ರಾಸಾಯನಿಕ ಪರೀಕ್ಷೆಯಿಂದ ಸೂಕ್ತ ಪಥ್ಯವನ್ನು ನಿರ್ಧರಿಸಲು ಸಾಧ್ಯವಾಗುತ್ತದೆ.