ಅಂಕಿಯ ಮನೆಗಳಲ್ಲಿ ಅಡಗಿದ ಕನ್ನಡ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ರೈಲುಹಾದಿಯಲ್ಲಿ ನೆಲಮಂಗಲ ಸೀಮೆಯ ದೊಡ್ಡಬೆಲೆ ಒಂದು ಸಣ್ಣ ನಿಲ್ದಾಣ. ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ಕೂತವರು ಇದನ್ನು ಗಮನಿಸದೆಯೇ ದಾಟಿಹೋಗುತ್ತಾರೆ. ಅಕ್ಷರಗಳನ್ನು ಹೆಕ್ಕಿ ಪದ ಕಟ್ಟುವುದರಲ್ಲಿ ಆಸಕ್ತಿಯಿರುವ ಯಾರೇ ಆಗಲಿ ಈ ಊರಿನ ಹೆಸರನ್ನು ನೆನಪಿನಲ್ಲಿಡಬೇಕು. ಕನ್ನಡದ ಅತಿ ವಿಚಿತ್ರ ಹಸ್ತಪ್ರತಿಯೊಂದು ಇಲ್ಲಿನ ಜೈನ ಮನೆಯಲ್ಲಿ ಉಳಿದುಕೊಂಡಿತ್ತು. ಅದರ ಹೆಸರು ಸಿರಿಭೂವಲಯ. ಮನೆಯ ಹಿರಿಯರು ಧರಣೇಂದ್ರ ಪಂಡಿತರು. ಅವರು 1913ರಲ್ಲಿ ತೀರಿಕೊಂಡ ಮೇಲೆ, ಆ ಮನೆತನದ ಅಳಿಯನಾಗಿದ್ದ ಆಯುರ್ವೇದ ಪಂಡಿತ ಯಲ್ಲಪ್ಪ ಶಾಸ್ತ್ರಿಗಳ ಕೈಗೆ ಆ ಕಟ್ಟು ಬಂತು.

ಕಟ್ಟು ಬಿಚ್ಚಿದರೆ ಅದರಲ್ಲಿ ಪದ್ಯವಿಲ್ಲ, ಗದ್ಯವಿಲ್ಲ. ಒಂದಕ್ಷರವೂ ಇಲ್ಲ. ಪುಟದ ಮೇಲೆ ಪುಟ ಬರೀ ಕನ್ನಡ ಅಂಕಿಗಳು. ಅಡ್ಡಕ್ಕೆ 27, ಉದ್ದಕ್ಕೆ 27 ಮನೆ. ಒಂದು ಚೌಕಕ್ಕೆ ಒಟ್ಟು 729. ಪ್ರತಿ ಮನೆಯಲ್ಲೂ 1ರಿಂದ 64ರ ಒಳಗಿನ ಒಂದು ಸಂಖ್ಯೆ. ಇಂಥ ಒಂದು ಚೌಕಕ್ಕೆ ಚಕ್ರ ಎಂದು ಹೆಸರು.

ಈ 64 ಎಲ್ಲಿಂದ ಬಂತು? ಒಂಬತ್ತು ಸ್ವರ, ಪ್ರತಿಯೊಂದಕ್ಕೂ ಹ್ರಸ್ವ, ದೀರ್ಘ, ಪ್ಲುತ, ಅಲ್ಲಿಗೆ 27. ವರ್ಗೀಯ ವ್ಯಂಜನ 25, ಅವರ್ಗೀಯ 8, ಯೋಗವಾಹ 4. ಕೂಡಿಸಿದರೆ ಸರಿಯಾಗಿ 64. ಈ ಕ್ರಮದಲ್ಲಿ ಅ ಎಂದರೆ 1, ಇ ಎಂದರೆ 4, ಕ್ ಎಂದರೆ 28, ರ್ ಎಂದರೆ 54, ಸ್ ಎಂದರೆ 59. ಪೆನ್ಸಿಲ್ ಹಿಡಿದು ಒಂದು ಪದ ಬರೆದು ನೋಡಿ. ‘ಕನ್ನಡ’ ಎಂಬುದು 28, 1, 47, 47, 1, 40, 1 ಆಗುತ್ತದೆ. ಪತ್ರಿಕೆಯ ಪದಬಂಧದಲ್ಲಿ ಇದೇ ಪದಕ್ಕೆ ಮೂರೇ ಮನೆ, ಏಕೆಂದರೆ ಅಲ್ಲಿ ‘ನ್ನ’ ಒಂದೇ ಚೌಕದಲ್ಲಿ ಕೂರುತ್ತದೆ. ಸಿರಿಭೂವಲಯದಲ್ಲಿ ಏಳು ಮನೆ ಬೇಕು. ಒತ್ತು, ಕೊಂಬು, ಗುಡಿಸು ಯಾವುದೂ ಇಲ್ಲ; ವ್ಯಂಜನ ಬೇರೆ, ಸ್ವರ ಬೇರೆ. ಕನ್ನಡವನ್ನು ಹೀಗೆ ಬಿಡಿಬಿಡಿಯಾಗಿ ಬಿಡಿಸಿಟ್ಟಿದ್ದರಿಂದಲೇ ಅದನ್ನು ಯಾವ ದಿಕ್ಕಿನಿಂದ ಬೇಕಾದರೂ ಪೋಣಿಸಲು ಸಾಧ್ಯವಾಯಿತು. 59, 4, 54, 4 ಎಂದರೆ ಸಿರಿ. ಅದೇ ನಾಲ್ಕು ಅಂಕಿಗಳನ್ನು 54, 4, 59, 4 ಎಂದು ಇಟ್ಟರೆ ರಿಸಿ.

ಈ ಉದಾಹರಣೆಯನ್ನು ಬೇಕೆಂದೇ ಆರಿಸಿಕೊಂಡೆ. ಗ್ರಂಥಕರ್ತ ಕುಮುದೇಂದು ಮುನಿಯನ್ನು ನಂದಿಬೆಟ್ಟದ ಆಸುಪಾಸಿನ ಯಲವಳ್ಳಿಯವನೆಂದು ಗುರುತಿಸುವುದುಂಟು. ಆ ಗುರುತಿಗೆ ಸಂಬಂಧಿಸಿದ ಹೆಸರು ‘ಯಲವಭೂರಿಸಿ’. ಇದನ್ನು ಕೊನೆಯ ಅಕ್ಷರದಿಂದ ಮೊದಲಿಗೆ ಓದಿ: ಸಿರಿಭೂವಲಯ. ಇದು ಊರಿನ ಹೆಸರೋ, ಗ್ರಂಥದ ಹೆಸರಿನ ಪ್ರತಿಬಿಂಬವೋ ಎಂಬ ಪ್ರಶ್ನೆ ಹುಟ್ಟದೆ ಇರದು. ಎರಡೂ ಆಗಿರಬಹುದು. ಇಂಥ ಕೌಶಲ ಇರುವವನಿಗೆ ಊರಿನ ಹೆಸರಿನಿಂದಲೇ ಕೃತಿಯ ಹೆಸರು ಹೊಳೆದಿದ್ದರೂ ಆಶ್ಚರ್ಯವಿಲ್ಲ.

ಅಂಕಿಗೆ ಅಕ್ಷರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ದಾರಿ. ಎಡದಿಂದ ಬಲಕ್ಕೆ ಓದಿದರೆ ಏನೂ ಹೊರಡುವುದಿಲ್ಲ. ಚಕ್ರಬಂಧ ಎಂಬ ಓದುವ ಕ್ರಮದಲ್ಲಿ ಮೇಲಿನ ಸಾಲಿನ ನಡುಮನೆಯಿಂದ ಹೊರಟು ಓರೆಯಾಗಿ ಸಾಗಬೇಕು; ಅಂಚು ಮುಟ್ಟಿದಾಗ ಎದುರು ಅಂಚಿನಿಂದ ಮತ್ತೆ ಒಳಗೆ ಬರಬೇಕು. ಬೆಸ ಸಂಖ್ಯೆಯ ಮಾಯಾಚೌಕ ತುಂಬಿಸಿದವರಿಗೆ ಈ ನಡೆ ಗೊತ್ತು. ಹಂಸ, ಪದ್ಮ, ಸಾಗರ, ಮಯೂರ, ಕ್ರೌಂಚ ಎಂದು ಬೇರೆ ಬೇರೆ ಬಂಧಗಳ ಹೆಸರೂ ಇವೆ. ಹೀಗೆ ಓದಿದಾಗ ಸಾಂಗತ್ಯ ಎಂಬ ಛಂದಸ್ಸಿನ ಧಾಟಿಯ ಕನ್ನಡ ಪದ್ಯಗಳು ಬರುತ್ತವೆ. ಆ ಪದ್ಯಗಳನ್ನು ಒಂದರ ಕೆಳಗೊಂದು ಬರೆದು ಮೊದಲಕ್ಷರಗಳನ್ನು ಮಾತ್ರ ಕೆಳಗಿಳಿಯುತ್ತ ಓದಿದರೆ ಪ್ರಾಕೃತ. ನಡುವಿನ ಒಂದು ಗೊತ್ತಾದ ಸ್ಥಾನದ ಅಕ್ಷರಗಳನ್ನು ಹಾಗೆಯೇ ಓದಿದರೆ ಸಂಸ್ಕೃತ. ಕಾವ್ಯದೊಳಗೆ ಕಾವ್ಯ ಎಂದರೆ ಇಲ್ಲಿ ಅಕ್ಷರಶಃ ನಿಜ.

ಅಕ್ಷರಗಳ ಈ ಕಸರತ್ತು ಕನ್ನಡಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಕಷ್ಟಸಾಧ್ಯವಾದ ಚಿತ್ರಕಾವ್ಯಗಳಿಗೆ ಜಾಗ ಕೊಟ್ಟಿದೆ. ಇಂಗ್ಲಿಷಿನಲ್ಲಿ ಇದೇ ಚಟ ಬೇರೆ ರೂಪದಲ್ಲಿ ಬೆಳೆಯಿತು. ಅಮೆರಿಕದ ಆಲ್ಫ್ರೆಡ್ ಬಟ್ಸ್ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಸ್ಕ್ರ್ಯಾಬಲ್ ಆಟದ ಬಿಲ್ಲೆಗಳ ಲೆಕ್ಕ ನಿಗದಿ ಮಾಡಿದ. ಇಂದು ಮೊಬೈಲಿನಲ್ಲಿ ಏಳೆಂಟು ಅಕ್ಷರ ಕೊಟ್ಟು ಪದ ಕೇಳಿದರೆ ಕ್ಷಣದಲ್ಲಿ ಪಟ್ಟಿ ಬರುತ್ತದೆ. ಅದರ ಗುಟ್ಟು ಸರಳ. ನಿಘಂಟಿನ ಪ್ರತಿ ಪದದ ಅಕ್ಷರಗಳನ್ನೂ ಎ ಬಿ ಸಿ ಕ್ರಮದಲ್ಲಿ ಜೋಡಿಸಿ ಮೊದಲೇ ಇಟ್ಟುಕೊಂಡಿರುತ್ತಾರೆ. ಲಿಸನ್, ಸೈಲೆಂಟ್, ಎನ್‌ಲಿಸ್ಟ್ ಮೂರನ್ನೂ ಹಾಗೆ ಜೋಡಿಸಿದರೆ ಸಿಗುವುದು ಇ, ಐ, ಎಲ್, ಎನ್, ಎಸ್, ಟಿ. ಕೀಲಿ ಒಂದೇ, ಬಾಗಿಲು ಮೂರು. ಕನ್ನಡಕ್ಕೆ ಇಂಥದ್ದು ಮಾಡಬೇಕಾದರೆ ಮೊದಲು ಒಂದು ತೀರ್ಮಾನ ಬೇಕು: ‘ನ್ನ’ವನ್ನು ಇಡಿಯಾಗಿ ಎಣಿಸಬೇಕೋ, ಬಿಡಿಸಿ ಎಣಿಸಬೇಕೋ? ಯೂನಿಕೋಡ್‌ನಲ್ಲಿ ಕಣ್ಣಿಗೆ ಒಂದಾಗಿ ಕಾಣುವ ಈ ಅಕ್ಷರದ ಹಿಂದೆ ನ, ವಿರಾಮ, ನ ಎಂಬ ಮೂರು ಸಂಕೇತಗಳಿವೆ. ಕುಮುದೇಂದು ಬಿಡಿಸುವ ಪಕ್ಷ ವಹಿಸಿದ.

ಯಲ್ಲಪ್ಪ ಶಾಸ್ತ್ರಿಗಳ ಜತೆಗೂಡಿ ಕರ್ಲಮಂಗಲಂ ಶ್ರೀಕಂಠಯ್ಯನವರು ವರ್ಷಗಟ್ಟಲೆ ಈ ಅಂಕಿಗಳೊಂದಿಗೆ ಹೆಣಗಿ, 1953ರಲ್ಲಿ ಒಂದು ಭಾಗವನ್ನು ಅಚ್ಚು ಹಾಕಿಸಿದರು. ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಆಸಕ್ತಿಯಿಂದ ಹಸ್ತಪ್ರತಿಯ ಮೈಕ್ರೋಫಿಲ್ಮ್ ದೆಹಲಿಯ ರಾಷ್ಟ್ರೀಯ ಪತ್ರಾಗಾರ ಸೇರಿತು. ಶಾಸ್ತ್ರಿಗಳು 1957ರಲ್ಲಿ ತೀರಿಕೊಂಡರು. ಆಮೇಲೆ ದೀರ್ಘ ಮೌನ. 2003ರಲ್ಲಿ ಬೆಂಗಳೂರಿನ ಪುಸ್ತಕಶಕ್ತಿ ಪ್ರಕಾಶನ ಮತ್ತೆ ಮುದ್ರಿಸಿದ ಮೇಲೆಯೇ ಇದು ಹೊಸ ತಲೆಮಾರಿನ ಕಣ್ಣಿಗೆ ಬಿದ್ದದ್ದು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಒಂದು ಅಂಕಿ ತಪ್ಪಿದರೆ ಮುಂದಿನ ಸಾಲೆಲ್ಲ ಕೆಡುವ ಕೆಲಸದಲ್ಲಿ ಕೂತ ಆ ಇಬ್ಬರಿಗೆ ಕನ್ನಡಿಗರು ಸಲ್ಲಿಸಬೇಕಾದ ಗೌರವ ಇನ್ನೂ ಬಾಕಿಯಿದೆ.

ಗೌರವ ಸಲ್ಲಿಸುವುದು ಬೇರೆ, ಹೇಳಿದ್ದೆಲ್ಲವನ್ನೂ ನಂಬುವುದು ಬೇರೆ. ಗ್ರಂಥದಲ್ಲಿ 718 ಭಾಷೆಗಳಿವೆ, ಅಣುವಿಜ್ಞಾನವಿದೆ, ವಿಮಾನವಿದ್ಯೆಯಿದೆ ಎಂಬ ಮಾತು ಸಭೆಗಳಲ್ಲಿ ಕೇಳುತ್ತಲೇ ಇರುತ್ತೇವೆ. 718 ಎಂಬುದು ಎಣಿಸಿ ಬಂದ ಲೆಕ್ಕವಲ್ಲ. ಹದಿನೆಂಟು ಮಹಾಭಾಷೆ, ಏಳುನೂರು ಕ್ಷುಲ್ಲಕ ಭಾಷೆ ಎಂಬುದು ತೀರ್ಥಂಕರರ ದಿವ್ಯಧ್ವನಿಯ ಬಗ್ಗೆ ಜೈನ ಪರಂಪರೆ ಮೊದಲಿಂದ ಹೇಳಿಕೊಂಡು ಬಂದ ಮಾತು. ಕಾಲದ ಬಗ್ಗೆಯೂ ಒಮ್ಮತವಿಲ್ಲ. ಕುಮುದೇಂದು ರಾಷ್ಟ್ರಕೂಟ ಅಮೋಘವರ್ಷನ ಕಾಲದವನೆಂದು ಒಂದು ಪಕ್ಷ. ಭಾಷೆ, ಛಂದಸ್ಸು ನೋಡಿದರೆ ಎಷ್ಟೋ ಈಚಿನದು ಎಂದು ಇನ್ನೊಂದು ಪಕ್ಷ. ಸಾಂಗತ್ಯ ನಮ್ಮಲ್ಲಿ ಬಳಕೆಗೆ ಬಂದದ್ದು ಅಮೋಘವರ್ಷನಿಗಿಂತ ಎಷ್ಟೋ ಈಚೆಗೆ ಎಂಬುದನ್ನು ನೆನೆದರೆ ಎರಡನೆಯ ಪಕ್ಷದ ವಾದವೇ ನನಗೆ ಗಟ್ಟಿಯಾಗಿ ಕಾಣುತ್ತದೆ.

ಅಕ್ಷರಗಳ ರಾಶಿಯಿಂದ ಪದ ಹುಡುಕುವವರೆಲ್ಲ ಎಚ್ಚರವಿರಬೇಕಾದ ಜಾಗ ಇದು. ದಾರಿಯನ್ನು ನಮಗೆ ಬೇಕಾದಂತೆ ಬದಲಿಸಿಕೊಳ್ಳುವ ಸ್ವಾತಂತ್ರ್ಯ ಇದ್ದರೆ ಸಾಕು, ಯಾವ ದೊಡ್ಡ ರಾಶಿಯಿಂದಲಾದರೂ ಯಾವ ಪದವನ್ನಾದರೂ ತೆಗೆಯಬಹುದು. 1997ರಲ್ಲಿ ಮೈಕೆಲ್ ಡ್ರಾಸ್ನಿನ್ ಎಂಬ ಪತ್ರಕರ್ತ ಹೀಬ್ರೂ ಬೈಬಲಿನಲ್ಲಿ ಸಮಾನ ಅಂತರದ ಅಕ್ಷರಗಳನ್ನು ಹೆಕ್ಕಿ, ಭವಿಷ್ಯದ ಸುದ್ದಿ ಅದರಲ್ಲಿ ಅಡಗಿದೆ ಎಂದು ಪುಸ್ತಕ ಬರೆದ. ಗಣಿತಜ್ಞ ಬ್ರೆಂಡನ್ ಮೆಕೇ ಅದೇ ವಿಧಾನವನ್ನು ಮೋಬಿ ಡಿಕ್ ಕಾದಂಬರಿಗೆ ಹಚ್ಚಿ, ತಿಮಿಂಗಿಲದ ಕಥೆಯಿಂದಲೂ ನಾಯಕರ ಹತ್ಯೆಯ ‘ಭವಿಷ್ಯವಾಣಿ’ಗಳನ್ನು ತೆಗೆದು ತೋರಿಸಿದ. ಸಿರಿಭೂವಲಯ ಈ ಪರೀಕ್ಷೆಗೆ ಹೆದರಬೇಕಿಲ್ಲ. ಚಕ್ರಬಂಧದ ಹಾದಿ ಮೊದಲೇ ಗೊತ್ತಾದದ್ದು, ಅದರಲ್ಲಿ ಬರುವುದು ಛಂದೋಬದ್ಧ ಕನ್ನಡ, ಅದರೊಳಗೆ ನೇರ ಕೆಳಗಿಳಿಯುವ ಪ್ರಾಕೃತ. ಇಂಥದ್ದು ಆಕಸ್ಮಿಕವಾಗಿ ಆಗುವುದಿಲ್ಲ, ಒಬ್ಬ ಕವಿ ಕೂತು ಕಟ್ಟಬೇಕು. ತೆಲುಗಿದೆ, ತಮಿಳಿದೆ ಎನ್ನುವವರೂ ಇದೇ ಶಿಸ್ತಿನಲ್ಲಿ ಮೊದಲು ದಾರಿ ಹೇಳಿ, ಆಮೇಲೆ ಓದಿ ತೋರಿಸಬೇಕು.

ಅದಕ್ಕೆ ಇಂದು ಅಡ್ಡಿಯೂ ಇಲ್ಲ. ಮೂಲದಲ್ಲಿ 16,000 ಚಕ್ರಗಳಿದ್ದವೆಂದು ಹೇಳಿಕೆ, ಸಿಕ್ಕಿರುವುದು 1,270. ಮನೆಗಳ ಲೆಕ್ಕ ಹಾಕಿದರೆ 9,25,830. ಕಾಲೇಜು ಹುಡುಗರ ಲ್ಯಾಪ್‌ಟಾಪಿಗೆ ಇದು ಲೆಕ್ಕವೇ ಅಲ್ಲ. ಬೇಕಿರುವುದು ಹಸ್ತಪ್ರತಿಯೊಂದಿಗೆ ಮನೆಮನೆಯನ್ನೂ ತಾಳೆ ನೋಡಿ, ಓದಲಾಗದ ಅಂಕಿಯನ್ನು ಊಹಿಸಿ ತುಂಬದೆ ಖಾಲಿ ಬಿಟ್ಟು, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ತೆರೆದಿಟ್ಟ ಒಂದು ಅಂಕಿಪಟ್ಟಿ. ಕನ್ನಡ ವಿಭಾಗವೂ ಕಂಪ್ಯೂಟರ್ ವಿಭಾಗವೂ ಒಂದೇ ಆವರಣದಲ್ಲಿರುವ ಕಾಲೇಜುಗಳು ನೆಲಮಂಗಲದ ಸುತ್ತಮುತ್ತ ಇವೆ. ದೊಡ್ಡಬೆಲೆಯಿಂದ ಹೊರಬಂದ ಈ ಕೃತಿಯ ಮೊದಲ ಅಧ್ಯಾಯದ ಚಕ್ರಗಳಿಂದಲಾದರೂ ಆ ಕೆಲಸವನ್ನು ಅವು ಈ ವರ್ಷವೇ ಶುರು ಮಾಡಬಹುದು.