ಇಲ್ಲದ ಹಡಗನ್ನು ಅಗೆದು ತೆಗೆದ ಕಥೆ

ಇಂಗ್ಲೆಂಡಿನ ಪೂರ್ವ ಕರಾವಳಿಗೆ ಹತ್ತಿರದ ಸಫೊಕ್ ಪ್ರಾಂತ್ಯದಲ್ಲಿ, ಡೆಬೆನ್ ನದಿಯ ದಂಡೆಯ ಮೇಲೆ ಸಟನ್ ಹೂ ಎಂಬ ಜಾಗವಿದೆ. ಮರಳು ನೆಲದಲ್ಲಿ ಅಲ್ಲಲ್ಲಿ ಎದ್ದುನಿಂತ ಹುಲ್ಲು ಮುಚ್ಚಿದ ದಿಬ್ಬಗಳು. ಸುಮಾರು 16ನೇ ಶತಮಾನದಲ್ಲಿ ನಿಧಿಗಳ್ಳರು ಅವುಗಳಲ್ಲಿ ದೊಡ್ಡದಕ್ಕೆ ಕೈ ಹಾಕಿದರು. ದಿಬ್ಬದ ನಟ್ಟನಡುವೆ ಗುಂಡಿ ತೋಡಿ ಆಳಕ್ಕೆ ಇಳಿದರು. ಏನೂ ಸಿಗಲಿಲ್ಲ. ಕುಡಿದು ಬಿಸಾಡಿದ ಹೂಜಿಯ ಚೂರುಗಳನ್ನು ಗುಂಡಿಯಲ್ಲೇ ಬಿಟ್ಟು ಬರಿಗೈಯಲ್ಲಿ ಹೋದರು.

ಅವರಿಗಿಂತ ನೂರಾರು ವರ್ಷ ಮೊದಲೇ ರೈತರು ಹೊಲದ ಗಡಿಗಾಗಿ ದಿಬ್ಬದ ಪಶ್ಚಿಮದ ಅಂಚನ್ನು ಕಡಿದುಹಾಕಿದ್ದರು, ಉತ್ತು ಸವೆಸಿದ್ದರು. ಹಾಗಾಗಿ ಕಣ್ಣಿಗೆ ನಡುಭಾಗವೆಂದು ಕಂಡದ್ದು ನಿಜವಾದ ನಡುಭಾಗವಾಗಿರಲಿಲ್ಲ. ಗುಂಡಿ ಪಕ್ಕಕ್ಕೆ ಸರಿದು ಬಿತ್ತು. ಹೊಲದ ಗಡಿಯೊಂದು ರಾಜನ ಖಜಾನೆಯನ್ನು ಕಾಪಾಡಿತು.

ಆ ಖಜಾನೆ ಹೊರಬಂದದ್ದು 1939ರ ಬೇಸಿಗೆಯಲ್ಲಿ. ಏಳನೇ ಶತಮಾನದ ಆರಂಭದಲ್ಲಿ ಯಾರೋ ಒಬ್ಬ ಆಂಗ್ಲೋ-ಸ್ಯಾಕ್ಸನ್ ದೊರೆಯನ್ನು, ನದಿಯಿಂದ ಎಳೆದು ತಂದ ಇಡೀ ಹಡಗಿನೊಳಗೆ ಮಲಗಿಸಿ, ಸುತ್ತ ಚಿನ್ನ, ಬೆಳ್ಳಿ, ಆಯುಧ, ಅಡುಗೆಯ ಕೊಪ್ಪರಿಗೆ, ಕುಡಿಯುವ ಕೊಂಬು, ತಂತಿವಾದ್ಯ ಎಲ್ಲವನ್ನೂ ಇಟ್ಟು, ಮೇಲೆ ಮಣ್ಣು ಪೇರಿಸಿದ್ದರು. ಅಂದಿನಿಂದ ಇಂದಿನವರೆಗೆ ಬ್ರಿಟಿಷರಿಗೆ ಸಟನ್ ಹೂ ಎಂದರೆ ತಮ್ಮದೇ ಟುಟಾಂಖಾಮುನ್ ಗೋರಿ ಇದ್ದಂತೆ. ಬ್ರಿಟಿಷ್ ಮ್ಯೂಸಿಯಂನ 41ನೇ ಕೊಠಡಿಯಲ್ಲಿ, ಅಲ್ಲಿ ಸಿಕ್ಕ ಶಿರಸ್ತ್ರಾಣದ ಮುಂದೆ ಸದಾ ಜನ. ಜಾನ್ ಪ್ರೆಸ್ಟನ್ ಇದರ ಮೇಲೆ ಕಾದಂಬರಿ ಬರೆದರು. 2021ರಲ್ಲಿ ಅದು ‘ದಿ ಡಿಗ್’ ಎಂಬ ಸಿನಿಮಾ ಆಗಿ ನೆಟ್‌ಫ್ಲಿಕ್ಸ್‌ಗೆ ಬಂತು.

ಜನರನ್ನು ಸೆಳೆಯುವುದು ಚಿನ್ನ, ಅದು ಸಹಜ. ಆದರೆ ವಿಜ್ಞಾನದ ಕಣ್ಣಿನಿಂದ ನೋಡಿದರೆ ಸಟನ್ ಹೂವಿನ ಸೋಜಿಗವೇ ಬೇರೆ. ಅಲ್ಲಿ ಹಡಗು ಇರಲಿಲ್ಲ, ದೇಹ ಇರಲಿಲ್ಲ, ಶಿರಸ್ತ್ರಾಣ ಅನ್ನುವಂಥದ್ದೂ ಇರಲಿಲ್ಲ. ಇವೆಲ್ಲ ಇದ್ದವು ಎಂದು ತೋರಿಸಿಕೊಟ್ಟದ್ದು ಮಣ್ಣಿನ ಬಣ್ಣ, ಲೋಹದ ತುಕ್ಕು ಮತ್ತು ಅವನ್ನು ಓದಬಲ್ಲವರ ತಾಳ್ಮೆ.

ಮೊಳೆ ಕೀಳದ ಮನುಷ್ಯ

ಜಮೀನು ಎಡಿತ್ ಪ್ರೆಟಿ ಎಂಬ ವಿಧವೆಯದ್ದು. ದಿಬ್ಬಗಳ ಒಳಗೆ ಏನಿದೆ ಎಂಬ ಕುತೂಹಲ ಆಕೆಗಿತ್ತು. ಇಪ್ಸ್‌ವಿಚ್ ಮ್ಯೂಸಿಯಂನವರನ್ನು ಕೇಳಿದಾಗ ಅವರು ಕಳಿಸಿಕೊಟ್ಟದ್ದು ಬೇಸಿಲ್ ಬ್ರೌನ್ ಎಂಬ ಸ್ಥಳೀಯನನ್ನು. ಹನ್ನೆರಡನೇ ವಯಸ್ಸಿಗೆ ಶಾಲೆ ಬಿಟ್ಟ ರೈತನ ಮಗ. ತಾನಾಗಿಯೇ ಭಾಷೆಗಳನ್ನೂ ಖಗೋಳಶಾಸ್ತ್ರವನ್ನೂ ಕಲಿತು, ಹಳೆಯ ನಕ್ಷತ್ರ ನಕ್ಷೆಗಳ ಬಗ್ಗೆ ಪುಸ್ತಕ ಬರೆದವನು. ಸಫೊಕ್‌ನ ಮಣ್ಣು ಅವನಿಗೆ ಅಂಗೈ ರೇಖೆಯಷ್ಟು ಪರಿಚಿತ. 1938ರಲ್ಲಿ ಮೂರು ದಿಬ್ಬಗಳನ್ನು ಅಗೆದ. ಕಳ್ಳರು ಅವನ್ನು ಮೊದಲೇ ದೋಚಿದ್ದರು. 1939ರ ಮೇ ತಿಂಗಳಲ್ಲಿ, ಮನೆಯ ತೋಟದ ಮಾಲಿಯನ್ನೂ ಬೇಟೆ ಪ್ರಾಣಿಗಳ ಕಾವಲುಗಾರನನ್ನೂ ಜೊತೆಗಿಟ್ಟುಕೊಂಡು ದೊಡ್ಡ ದಿಬ್ಬಕ್ಕೆ ಸಲಿಕೆ ಹಾಕಿದ.

ಕೆಲವೇ ದಿನಗಳಲ್ಲಿ ತುಕ್ಕು ಹಿಡಿದ ಒಂದು ಕಬ್ಬಿಣದ ತುಂಡು ಸಿಕ್ಕಿತು. ಅದು ಹಡಗಿನ ಹಲಗೆಗಳನ್ನು ಒಂದಕ್ಕೊಂದು ಬಿಗಿಯುವ ರಿವೆಟ್ ಮೊಳೆ ಎಂದು ಬ್ರೌನ್‌ಗೆ ಗೊತ್ತಾಯಿತು. ಹತ್ತಿರದ ಸ್ನೇಪ್ ಎಂಬ ಊರಿನಲ್ಲಿ 1862ರಲ್ಲೇ ಅಂಥ ಮೊಳೆಗಳು ಸಿಕ್ಕಿದ್ದವು. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಯಾರಾದರೂ ಮೊಳೆಯನ್ನು ಕಿತ್ತು, ಚೀಲಕ್ಕೆ ಹಾಕಿ, ಮುಂದೆ ಅಗೆಯುತ್ತಾರೆ. ಬ್ರೌನ್ ಮೊಳೆಯನ್ನು ಇದ್ದಲ್ಲೇ ಬಿಟ್ಟ. ಸಲಿಕೆ ಬದಿಗಿಟ್ಟು ಸಣ್ಣ ಸಲಕರಣೆ ಹಿಡಿದ. ಒಳಗಿನಿಂದ ಮರಳನ್ನು ಮೆಲ್ಲಗೆ ಕೆರೆಯುತ್ತಾ, ಕೆಂಪಗಿನ ಕಲೆ ಕಂಡ ಕೂಡಲೇ ನಿಲ್ಲಿಸುತ್ತಾ ಹೋದ. ಆ ಕೆಂಪು ಕಲೆ, ಇನ್ನೇನು ಮೊಳೆ ಬಂತು ಎಂಬ ಸೂಚನೆ. ಒಂದರ ನಂತರ ಒಂದು ಮೊಳೆ ಸಾಲಾಗಿ ಕಂಡಿತು. ಸಾಲುಗಳು ಸೇರಿ ಹಡಗಿನ ಒಡಲಾಯಿತು. ಉದ್ದ ಸುಮಾರು 27 ಮೀಟರ್. ಪ್ರತಿ ಬದಿಗೆ ಒಂಬತ್ತು ಸಾಲು ಹಲಗೆ, ಒಳಗೆ 26 ಅಡ್ಡಪಕ್ಕೆಲುಬು. ಹಲಗೆಯ ಒಂದು ಚಕ್ಕೆಯೂ ಇರಲಿಲ್ಲ.

ಹಡಗು ಎಲ್ಲಿ ಹೋಯಿತು? ಸಟನ್ ಹೂವಿನ ಮರಳು ಆಮ್ಲೀಯ. ಮಳೆನೀರು ಅದರ ಮೂಲಕ ಸಲೀಸಾಗಿ ಇಳಿಯುತ್ತದೆ, ಗಾಳಿಯೂ ಆಡುತ್ತದೆ. ಹಾಗಾಗಿ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು ಓಕ್ ಹಲಗೆಗಳನ್ನು ಪೂರ್ತಿ ತಿಂದು ಮುಗಿಸಿದವು. ಆದರೆ ಅದು ನಿಧಾನದ ಕೆಲಸ. ಮರ ಕರಗುತ್ತಾ ಹೋದಂತೆ ಅಕ್ಕಪಕ್ಕದ ಮರಳು ಆ ಜಾಗಕ್ಕೆ ಒತ್ತಿಕೊಂಡು, ಬಣ್ಣಗೆಟ್ಟು ಗಟ್ಟಿಯಾಯಿತು. ಹಸಿ ಸಿಮೆಂಟಿನ ಮೇಲೆ ಬಿದ್ದ ಎಲೆ ಕೊಳೆತುಹೋದರೂ ಅದರ ನರನರವೂ ಅಚ್ಚಾಗಿ ಉಳಿಯುತ್ತದಲ್ಲ, ಹಾಗೆ. ಇನ್ನು ಕಬ್ಬಿಣ ತುಕ್ಕಾಗುವಾಗ ಸುತ್ತಲಿನ ಮರಳಿನ ಕಣಗಳನ್ನು ತನ್ನೊಂದಿಗೆ ಬೆಸೆದುಕೊಂಡಿತು. ಅದರಿಂದ ಪ್ರತಿ ಮೊಳೆಯೂ ತಾನು ಹೊಡೆಯಲ್ಪಟ್ಟ ಜಾಗದಲ್ಲೇ ನಿಂತಿತು.

ಈ ಅಚ್ಚನ್ನು ಎತ್ತಿ ಮ್ಯೂಸಿಯಂಗೆ ಸಾಗಿಸುವಂತಿಲ್ಲ, ಮುಟ್ಟಿದರೆ ಮರಳು. ಅದನ್ನು ಉಳಿಸಿದ್ದು ಕ್ಯಾಮೆರಾ. ರಜೆಗೆ ಬಂದಿದ್ದ ಮರ್ಸಿ ಲ್ಯಾಕ್ ಮತ್ತು ಬಾರ್ಬರಾ ವ್ಯಾಗ್‌ಸ್ಟಾಫ್ ಎಂಬ ಇಬ್ಬರು ಶಾಲಾ ಶಿಕ್ಷಕಿಯರು ನೂರಾರು ಚಿತ್ರ ತೆಗೆದರು. ಕೆಲವು ಬಣ್ಣದವು, 1939ರ ಮಟ್ಟಿಗೆ ಅದು ಅಪರೂಪ. ಸಿನಿಮಾದಲ್ಲಿ ಇವರಿಬ್ಬರೂ ಇಲ್ಲ; ಅವರ ಜಾಗದಲ್ಲಿ ಒಬ್ಬ ಕಲ್ಪಿತ ತರುಣನಿದ್ದಾನೆ.

ಹಡಗಿನ ಗಾತ್ರದ ಸುದ್ದಿ ಹಬ್ಬುತ್ತಿದ್ದಂತೆ ಕೇಂಬ್ರಿಜ್‌ನ ಚಾರ್ಲ್ಸ್ ಫಿಲಿಪ್ಸ್ ಜುಲೈನಲ್ಲಿ ಉತ್ಖನನದ ಹೊಣೆ ವಹಿಸಿಕೊಂಡರು. ಜುಲೈ 21ರಂದು ಪೆಗಿ ಪಿಗಟ್ ಎಂಬ ನುರಿತ ಪುರಾತತ್ತ್ವಜ್ಞೆಗೆ ಮೊದಲ ಚಿನ್ನ ಸಿಕ್ಕಿತು: ಕತ್ತಿಯ ಪಟ್ಟಿಗೆ ತೊಡಿಸುವ, ಪಿರಮಿಡ್ ಆಕಾರದ ಪುಟ್ಟ ಆಭರಣ. ಸುಮಾರು ಸಾವಿರದ ಮುನ್ನೂರು ವರ್ಷ ಕಳೆದಿದ್ದರೂ ಚಿನ್ನ ಮಾಸಿರಲಿಲ್ಲ. ಮಣ್ಣಿನ ಆಮ್ಲ, ಗಾಳಿ, ನೀರು ಯಾವುದಕ್ಕೂ ಅದು ಬಗ್ಗುವ ಲೋಹವಲ್ಲ.

ಮುಂದಿನ ಪ್ರಶ್ನೆ, ಇದೆಲ್ಲ ಯಾರಿಗೆ ಸೇರಬೇಕು? ಅಂದಿನ ಇಂಗ್ಲಿಷ್ ಕಾನೂನಿನ ಪ್ರಕಾರ, ಮತ್ತೆ ತೆಗೆದುಕೊಳ್ಳುವ ಉದ್ದೇಶದಿಂದ ಬಚ್ಚಿಟ್ಟ ನಿಧಿ ರಾಜಪ್ರಭುತ್ವದ್ದು. ಬಿಟ್ಟುಕೊಟ್ಟು ಹೂಳಿದ್ದು ಜಮೀನಿನ ಒಡೆಯರದ್ದು. ಹಡಗನ್ನು ಎಳೆದುತಂದು ಊರೆದುರಿಗೆ ಹೂಳುವವರು ಬಚ್ಚಿಡುತ್ತಾರೆಯೇ? 1939ರ ಆಗಸ್ಟ್ 14ರಂದು ಹಳ್ಳಿಯ ಸಭಾಭವನದಲ್ಲಿ ಸೇರಿದ ಪಂಚರು ಎಲ್ಲವೂ ಪ್ರೆಟಿಯವರದ್ದೇ ಎಂದು ತೀರ್ಪು ಕೊಟ್ಟರು. ಆಕೆ ಅದಷ್ಟನ್ನೂ ಬ್ರಿಟಿಷ್ ಮ್ಯೂಸಿಯಂಗೆ ದಾನ ಮಾಡಿದರು. ಮೂರು ವಾರ ಕಳೆಯುವಷ್ಟರಲ್ಲಿ ಎರಡನೇ ಮಹಾಯುದ್ಧ ಶುರು. ಸಂಪತ್ತು ಲಂಡನ್ನಿನ ಭೂಗತ ರೈಲಿನ ಸುರಂಗ ಸೇರಿತು. ಸಟನ್ ಹೂ ಸೈನ್ಯದ ತರಬೇತಿಯ ಮೈದಾನವಾಯಿತು.

ಚೂರಾದದ್ದೇ ಒಳ್ಳೆಯದಾಯಿತು

ಇಂದು ಪುಸ್ತಕದ ಮುಖಪುಟಗಳಲ್ಲಿ ಕಾಣುವ ಶಿರಸ್ತ್ರಾಣ ನೆಲದಿಂದ ಬಂದಾಗ ತುಕ್ಕಿನ ರಾಶಿ, 500ಕ್ಕೂ ಹೆಚ್ಚು ಚೂರು. ಹಡಗಿನ ನಡುಭಾಗದಲ್ಲಿ ಕಟ್ಟಿದ್ದ ಸಮಾಧಿ ಕೋಣೆಯ ಚಾವಣಿ ಒಮ್ಮೆ ಕುಸಿದಿತ್ತು. ಆ ಹೊತ್ತಿಗೆ ಕಬ್ಬಿಣ ಪೂರ್ತಿ ತುಕ್ಕಾಗಿ ಪೆಡಸಾಗಿದ್ದುದು ದೊಡ್ಡ ಅದೃಷ್ಟ. ಲೋಹ ಗಟ್ಟಿಯಾಗಿದ್ದಿದ್ದರೆ ಭಾರಕ್ಕೆ ಅಪ್ಪಚ್ಚಿಯಾಗಿ ಆಕಾರವೇ ಕೆಡುತ್ತಿತ್ತು. ಪೆಡಸಾಗಿದ್ದರಿಂದ ಪುಡಿಯೊಡೆಯಿತು, ಪ್ರತಿ ಚೂರೂ ತನ್ನ ಮೂಲ ಬಾಗುವಿಕೆಯನ್ನು ಉಳಿಸಿಕೊಂಡಿತು.

ಯುದ್ಧದ ನಂತರ ಹರ್ಬರ್ಟ್ ಮೇರಿಯನ್ ಅದನ್ನು ಮೊದಲ ಬಾರಿ ಜೋಡಿಸಿದರು. ನೋಡಲು ಚೆನ್ನಾಗಿತ್ತು, ಆದರೆ ಆಯುಧತಜ್ಞರು ತಲೆ ಅಲ್ಲಾಡಿಸಿದರು. ಕತ್ತು, ದವಡೆ ಎಲ್ಲ ತೆರೆದಿದ್ದರೆ ಇದನ್ನು ತೊಟ್ಟು ಕಾದುವುದಾದರೂ ಹೇಗೆ? 1970ರಲ್ಲಿ ನೈಜೆಲ್ ವಿಲಿಯಮ್ಸ್ ಅದನ್ನು ಪೂರ್ತಿ ಬಿಚ್ಚಿ, ಹದಿನೆಂಟು ತಿಂಗಳು ಕೂತು ಮತ್ತೆ ಜೋಡಿಸಿದರು. ಈಗ ಕಾಣುವುದು ಅದೇ. ಹತ್ತಿರ ನಿಂತು ನೋಡಿದರೆ ಹುಬ್ಬು, ಮೂಗು, ಮೀಸೆ ಮೂರೂ ಸೇರಿ ರೆಕ್ಕೆ ಬಿಚ್ಚಿ ಮೇಲಕ್ಕೆ ಹಾರುವ ಒಂದು ಪ್ರಾಣಿ. ಹುಬ್ಬೇ ಅದರ ರೆಕ್ಕೆ, ಮೀಸೆಯೇ ಬಾಲ. ಹುಬ್ಬಿನ ಅಂಚಿಗೆ ಕೆಂಪು ಗಾರ್ನೆಟ್ ಹರಳಿನ ಸಾಲು. ಒಂದು ಹುಬ್ಬಿನ ಹರಳುಗಳ ಅಡಿಯಲ್ಲಿ ಮಾತ್ರ ಹೊಳಪಿಗಾಗಿ ಚಿನ್ನದ ತಗಡು ಇದೆ, ಇನ್ನೊಂದರಲ್ಲಿ ಇಲ್ಲ. ಬೆಂಕಿಯ ಬೆಳಕಿನಲ್ಲಿ ಒಂದೇ ಕಣ್ಣು ಮಿಂಚಿರಬೇಕು. ಒಕ್ಕಣ್ಣಿನ ದೇವರು ಓಡಿನ್‌ನ ವೇಷ ಇದು ಎಂದು ಕೆಲವು ವಿದ್ವಾಂಸರು ವಾದಿಸುತ್ತಾರೆ.

ಹೆಣ ಎಲ್ಲಿ? ಯಾರದ್ದು?

ಕೋಣೆಯಲ್ಲಿ ದೇಹದ ಗುರುತೇ ಇಲ್ಲದ್ದರಿಂದ, ಇದು ಬರಿಯ ಸ್ಮಾರಕ ಇರಬಹುದು, ಹೆಣ ಬೇರೆಲ್ಲೋ ಇರಬಹುದು ಎಂಬ ಅನುಮಾನ ಬಹಳ ವರ್ಷ ಇತ್ತು. ಉತ್ತರ ಕೊಟ್ಟದ್ದು ರಸಾಯನಶಾಸ್ತ್ರ. ಮೂಳೆಯ ಮುಖ್ಯ ಭಾಗ ಕ್ಯಾಲ್ಸಿಯಂ ಫಾಸ್ಫೇಟ್. ಆಮ್ಲೀಯ ನೀರಿನಲ್ಲಿ ಅದು ಕರಗುತ್ತದೆ. ಆದರೆ ಕರಗಿದ ಫಾಸ್ಫೇಟ್ ದೂರ ಹೋಗುವುದಿಲ್ಲ. ಮಣ್ಣಿನ ಕಬ್ಬಿಣಕ್ಕೂ ಅಲ್ಯೂಮಿನಿಯಂಗೂ ಅಂಟಿಕೊಂಡು ಅಲ್ಲೇ ಕೂರುತ್ತದೆ. ಸಮಾಧಿ ಕೋಣೆಯ ಮಾದರಿಗಳಲ್ಲಿ ಫಾಸ್ಫೇಟ್ ಹೆಚ್ಚಾಗಿರುವುದು ಕಂಡುಬಂದಾಗ ಅಲ್ಲೊಂದು ದೇಹ ಇತ್ತು ಎಂಬ ಅಭಿಪ್ರಾಯ ಗಟ್ಟಿಯಾಯಿತು. 1980ರ ದಶಕದಲ್ಲಿ ಮಾರ್ಟಿನ್ ಕಾರ್ವರ್ ತಂಡ ಅದೇ ಬಯಲಿನಲ್ಲಿ ಇನ್ನಷ್ಟು ಗೋರಿ ತೆರೆದಾಗ ‘ಮರಳು ದೇಹ’ಗಳೇ ಸಿಕ್ಕವು: ಮಾಂಸ, ಮೂಳೆ ಹೋಗಿ, ಮನುಷ್ಯಾಕಾರದ ಕಪ್ಪು ಗಟ್ಟಿ ಮರಳು ಉಳಿದ ಹೆಣಗಳು.

ಹೆಸರು ಹುಡುಕಲು ದಾರಿ ನಾಣ್ಯಗಳದ್ದು. ದೊರೆಯ ಸೊಂಟದ ಚೀಲದಲ್ಲಿ 37 ಚಿನ್ನದ ನಾಣ್ಯ, ಮುದ್ರೆ ಇಲ್ಲದ 3 ಬಿಲ್ಲೆ, 2 ಪುಟ್ಟ ಚಿನ್ನದ ಗಟ್ಟಿ ಇದ್ದವು. ನಾಣ್ಯಗಳು ಇಂದಿನ ಫ್ರಾನ್ಸ್ ಕಡೆಯ ಮೆರೊವಿಂಜಿಯನ್ ರಾಜ್ಯದವು, ಒಂದೊಂದೂ ಒಂದೊಂದು ಟಂಕಸಾಲೆಯದ್ದು. ನಾಣ್ಯ ಮತ್ತು ಬಿಲ್ಲೆ ಸೇರಿ 40. ಪರಲೋಕಕ್ಕೆ ಹುಟ್ಟು ಹಾಕುವ ನಲವತ್ತು ಮಂದಿಗೆ ಕೂಲಿ, ಗಟ್ಟಿಗಳು ಚುಕ್ಕಾಣಿಯವನಿಗೆ ಎಂಬ ಸೊಗಸಾದ ಊಹೆಯೂ ಇದೆ.

ಇವುಗಳ ಮೇಲೆ ಇಸವಿ ಇಲ್ಲ. ಆದರೆ ಆ ಶತಮಾನದಲ್ಲಿ ಮೆರೊವಿಂಜಿಯನ್ ಟಂಕಸಾಲೆಗಳು ಚಿನ್ನಕ್ಕೆ ಬೆಳ್ಳಿ ಬೆರೆಸುವುದನ್ನು ವರ್ಷದಿಂದ ವರ್ಷಕ್ಕೆ ಹೆಚ್ಚಿಸುತ್ತಾ ಹೋದವು. ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ, ಬೆಳ್ಳಿಯದ್ದು ಸುಮಾರು 10.5. ನಾಣ್ಯವನ್ನು ಒಮ್ಮೆ ಗಾಳಿಯಲ್ಲಿ, ಒಮ್ಮೆ ದ್ರವದಲ್ಲಿ ತೂಗಿದರೆ ಸಾಂದ್ರತೆ ಸಿಗುತ್ತದೆ. ಅದರಿಂದ ಎಷ್ಟು ಕಲಬೆರಕೆ, ಅದರಿಂದ ಯಾವ ಕಾಲ ಎಂದು ಅಂದಾಜಿಸಬಹುದು. ಆರ್ಕಿಮಿಡೀಸ್ ಹೇಳಿಕೊಟ್ಟ ಉಪಾಯವೇ. ನಾಣ್ಯಕ್ಕೆ ಗೀರೂ ಬೀಳುವುದಿಲ್ಲ. ಮೊದಲು 650ರ ನಂತರದ್ದು ಎಂದುಕೊಂಡಿದ್ದ ಸಮಾಧಿ ಇಂಥ ಮರುಪರಿಶೀಲನೆಯಿಂದ 625ರ ಆಸುಪಾಸಿಗೆ ಸರಿಯಿತು. ಆಗ ಎದ್ದು ಕಂಡ ಹೆಸರು ಪೂರ್ವ ಆಂಗ್ಲಿಯಾದ ದೊರೆ ರೆಡ್ವಾಲ್ಡ್. ಒಂದೇ ಗುಡಿಯಲ್ಲಿ ಕ್ರಿಸ್ತನಿಗೊಂದು, ಹಳೆಯ ದೇವರುಗಳಿಗೊಂದು ಬಲಿಪೀಠ ಇಟ್ಟುಕೊಂಡಿದ್ದನೆಂದು ಬೀಡ್ ಎಂಬ ಸನ್ಯಾಸಿ ಇತಿಹಾಸಕಾರ ಬರೆದಿರುವ ರಾಜ ಈತ. ಸಮಾಧಿಯಲ್ಲೂ ಎರಡೂ ಇವೆ: ಹಳೆಯ ಪದ್ಧತಿಯ ಹಡಗು, ಶಿಲುಬೆಯ ಗುರುತಿರುವ ಬೆಳ್ಳಿ ಬಟ್ಟಲು. ಆದರೂ ರೆಡ್ವಾಲ್ಡ್ ಎಂಬುದು ಬಲವಾದ ಊಹೆ ಅಷ್ಟೇ. ಹೆಸರು ಕೆತ್ತಿದ ವಸ್ತು ಒಂದೂ ಸಿಕ್ಕಿಲ್ಲ.

ಕಡಲಾಚೆಯ ಸರಕು

ರೋಮನ್ನರು ಬ್ರಿಟನ್ ಬಿಟ್ಟುಹೋದ ಮೇಲಿನ ಕಾಲವನ್ನು ‘ಕತ್ತಲೆಯುಗ’ ಎಂದು ಕರೆಯುವ ರೂಢಿ ಇತ್ತು. ಮೂಲೆಗುಂಪಾದ ದ್ವೀಪ, ಹುಲ್ಲು ಗುಡಿಸಲು, ಒರಟು ಜನ. ಸಟನ್ ಹೂವಿನ ಸಾಮಾನುಗಳು ಈ ಮಾತನ್ನು ಸುಳ್ಳು ಮಾಡಿದವು. 72 ಸೆಂಟಿಮೀಟರ್ ಅಗಲದ ಒಂದು ಬೆಳ್ಳಿ ತಟ್ಟೆಯ ಮೇಲೆ ಕಾನ್‌ಸ್ಟಾಂಟಿನೋಪಲ್‌ನಿಂದ ಆಳಿದ ಚಕ್ರವರ್ತಿ ಒಂದನೇ ಅನಸ್ತಾಸಿಯಸ್‌ನ ಮುದ್ರೆಗಳಿವೆ. ಕೋಣೆಯಲ್ಲಿ ಚದುರಿದ್ದ ಕಪ್ಪು ಉಂಡೆಗಳನ್ನು 1939ರಲ್ಲಿ ಹಡಗಿಗೆ ಬಳಿಯುವ ಮರದ ಟಾರು ಇರಬೇಕೆಂದು ಬರೆದಿಟ್ಟಿದ್ದರು. 2016ರಲ್ಲಿ ಅವುಗಳ ಅಣುರಚನೆಯನ್ನೂ ಇಂಗಾಲದ ಐಸೋಟೋಪ್‌ಗಳನ್ನೂ ಪರೀಕ್ಷಿಸಿದಾಗ ಅವು ಪಶ್ಚಿಮ ಏಷ್ಯಾದ ಡಾಂಬರು ಎಂದು ತಿಳಿಯಿತು. ಎಂಬತ್ತು ವರ್ಷ ಹತ್ತಿರ ಪೆಟ್ಟಿಗೆಯಲ್ಲಿದ್ದ ಉಂಡೆಗೆ ಇಷ್ಟು ದೂರದ ಊರು ಸಿಕ್ಕಿತು.

ಗಾರ್ನೆಟ್ ಹರಳುಗಳ ಕಥೆ ನಮ್ಮ ಕಡೆಗೇ ಬರುತ್ತದೆ. ಚಿನ್ನದ ಸಣ್ಣ ಸಣ್ಣ ಕೋಣೆ ಕಟ್ಟಿ, ಅದರೊಳಗೆ ತೆಳ್ಳಗೆ ಸೀಳಿದ ಕೆಂಪು ಹರಳನ್ನು ಕೂರಿಸುವುದು ಆ ಕಾಲದ ಅಕ್ಕಸಾಲಿಗರ ಹೆಮ್ಮೆಯ ಕೆಲಸ. ಹರಳಿನ ಅಡಿಗೆ ನವಿರಾದ ಗೆರೆಗಳನ್ನು ಒತ್ತಿದ ಚಿನ್ನದ ತಗಡು ಇಡುತ್ತಿದ್ದರು. ಒಳಹೊಕ್ಕ ಬೆಳಕು ಗೆರೆಗಳಿಗೆ ಬಡಿದು ಮರಳಿ ಮಿನುಗಬೇಕು. ಗಾರ್ನೆಟ್‌ನಲ್ಲಿರುವ ಕಬ್ಬಿಣ, ಮೆಗ್ನೀಸಿಯಂ ಮತ್ತು ಲೇಶಧಾತುಗಳ ಪ್ರಮಾಣ ಗಣಿಯಿಂದ ಗಣಿಗೆ ಬೇರೆಯಾಗಿರುತ್ತದೆ. ಆ ಯುಗದ ಯುರೋಪಿಯನ್ ಆಭರಣಗಳ ಹರಳುಗಳನ್ನು ಹೀಗೆ ಪರೀಕ್ಷಿಸಿದವರು ಹಲವನ್ನು ಭಾರತ ಮತ್ತು ಶ್ರೀಲಂಕಾದ ಮೂಲಗಳಿಗೆ ಜೋಡಿಸಿದ್ದಾರೆ, ಇನ್ನು ಕೆಲವನ್ನು ಮಧ್ಯ ಯುರೋಪಿನ ಬೊಹಿಮಿಯಾಕ್ಕೆ. ಆ ಕಾಲದ ಉತ್ತರ ಯುರೋಪಿನ ಯೋಧರ ಮೈಮೇಲೆ ಹಿಂದೂ ಮಹಾಸಾಗರ ದಾಟಿ ಹೋದ ಕಲ್ಲುಗಳು ಹೊಳೆಯುತ್ತಿದ್ದವು.

ಹುಡುಕಾಟ ಮುಗಿದಿಲ್ಲ. 1986ರಲ್ಲಿ ಪಕ್ಕದ ಹೊಲದಲ್ಲಿ, ಬೇಟೆಯ ದೃಶ್ಯ ಕೆತ್ತಿದ ಆರನೇ ಶತಮಾನದ ಬೈಜಾಂಟಿಯನ್ ಬಕೆಟ್ಟಿನ ಚೂರುಗಳು ಸಿಕ್ಕಿದ್ದವು. ಅದು ಯಾತಕ್ಕೆ ಎಂಬುದು ದೀರ್ಘ ಕಾಲದ ಒಗಟು. 2024ರಲ್ಲಿ ಅದರ ತಳ ಸಿಕ್ಕಿತು. ಒಳಗಿನ ಮಣ್ಣನ್ನು ಪರೀಕ್ಷಿಸಿದಾಗ ಸುಟ್ಟ ಮಾನವ ಮೂಳೆಗಳು ಕಂಡವು. ಎಲ್ಲೋ ದೂರದಲ್ಲಿ ತಯಾರಾದ ಬೆಲೆಬಾಳುವ ಪಾತ್ರೆ ಇಲ್ಲಿ ಯಾರದೋ ಚಿತಾಭಸ್ಮದ ಕುಡಿಕೆಯಾಗಿತ್ತು.

ಹಲಗೆ ಹಲಗೆಯಾಗಿ ಮತ್ತೆ

ನದಿಯ ಆಚೆ ದಡದ ವುಡ್‌ಬ್ರಿಜ್ ಪಟ್ಟಣದಲ್ಲಿ ಸ್ವಯಂಸೇವಕರ ಒಂದು ಸಂಸ್ಥೆ ಈ ಹಡಗನ್ನು ಪೂರ್ಣ ಗಾತ್ರದಲ್ಲಿ ಮತ್ತೆ ಕಟ್ಟುವ ಕೆಲಸ ಹಿಡಿದಿದೆ. ಹಸಿ ಓಕ್ ಮರವನ್ನು ಸೀಳಿ, ಕೊಡಲಿಯಿಂದ ಹಲಗೆ ಕೆತ್ತಿ, ಸಾವಿರಾರು ಕಬ್ಬಿಣದ ರಿವೆಟ್ ಹೊಡೆಯುವ ಕೆಲಸ. ಇದು ಬರಿಯ ಅಭಿಮಾನದ ಯೋಜನೆಯಲ್ಲ. ಆ ಹಡಗು ಹುಟ್ಟಿನಿಂದ ಮಾತ್ರ ಸಾಗುತ್ತಿತ್ತೇ, ಹಾಯಿಯೂ ಇತ್ತೇ ಎಂಬ ಜಗಳ ಇನ್ನೂ ಬಗೆಹರಿದಿಲ್ಲ. ಮರಳಿನ ಅಚ್ಚಿನಲ್ಲಿ ಪಟಸ್ತಂಭದ ಗುರುತು ಸಿಕ್ಕಿರಲಿಲ್ಲ. ಆದರೆ ಹಡಗಿನ ನಡುಭಾಗವನ್ನು ಸಮಾಧಿ ಕೋಣೆ ಆಕ್ರಮಿಸಿದ್ದರಿಂದ, ಇದ್ದದ್ದನ್ನು ತೆಗೆದಿರಲೂಬಹುದು. 1993ರಲ್ಲಿ ಕಟ್ಟಿದ ಅರ್ಧ ಗಾತ್ರದ ಮಾದರಿ ಹಾಯಿ ಹಾಕಿ ಚೆನ್ನಾಗಿಯೇ ಓಡಿತ್ತು. ಪೂರ್ಣ ಗಾತ್ರದ್ದು ನೀರಿಗಿಳಿದರೆ ವೇಗ, ಭಾರ, ಅಲೆಗಳಲ್ಲಿ ಒಡಲು ಬಾಗುವ ಬಗೆ ಎಲ್ಲವನ್ನೂ ಅಳೆದೇ ನೋಡಬಹುದು.

ಈ ಬಡಗಿಗಳ ಕೈಯಲ್ಲಿರುವ ನಕ್ಷೆಗೆ ಆಧಾರ ಮೊಳೆಗಳು ಇದ್ದ ಜಾಗ. ಯಾವ ಹಲಗೆ ಎಲ್ಲಿ ಮುಗಿಯಿತು, ಎಷ್ಟು ಬಾಗಿತ್ತು, ಎಲ್ಲಿ ದುರಸ್ತಿಯಾಗಿತ್ತು ಎಂಬುದನ್ನೆಲ್ಲ ಹೇಳುವುದು ಆ ಸಾಲುಗಳೇ. ಸಮಾಧಿಯಲ್ಲಿ ಸಿಕ್ಕ, ನಾಲ್ಕು ನೂರು ಗ್ರಾಂ ಮೀರಿದ ಚಿನ್ನದ ಬಕಲ್ ಎಷ್ಟೇ ಸುಂದರವಾಗಿರಲಿ, ಅದರಿಂದ ಹಡಗು ಕಟ್ಟಲಾಗದು. 1939ರ ಮೇ ತಿಂಗಳಲ್ಲಿ ಮೊದಲ ಮೊಳೆಯನ್ನು ಕಿತ್ತು ಚೀಲಕ್ಕೆ ಹಾಕಿದ್ದರೆ ನಮಗೆ ನಿಧಿ ಆಗಲೂ ಸಿಗುತ್ತಿತ್ತು, ಹಡಗು ಸಿಗುತ್ತಿರಲಿಲ್ಲ. ನಿಧಿಗಳ್ಳರಿಗೂ ಪುರಾತತ್ತ್ವಜ್ಞರಿಗೂ ಇರುವ ವ್ಯತ್ಯಾಸ ಇಷ್ಟೇ, ಮತ್ತು ಇಷ್ಟು ದೊಡ್ಡದು.